ಜ್ವರಕ್ಕುಂಟು, ಲೆಕ್ಕಕ್ಕಿಲ್ಲ

ಹೋದ ಮಳೆಗಾಲದಲ್ಲಿ ನನಗೆ ಡೆಂಗಿ ಬಂತು. ಅಂದರೆ, ಬಂತು ಅಂತ ನಾನು ಅಂದುಕೊಂಡೆ. ಮೈಕೈಯೆಲ್ಲ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗಿತ್ತು. ಕಣ್ಣುಗುಡ್ಡೆ ಹಿಂದೆ ಸುತ್ತಿಗೆ ಏಟು. ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋದೆ. ರಕ್ತ ತೆಗೆದು ಒಂದು ಪ್ಲಾಸ್ಟಿಕ್ ಕಾರ್ಡಿನ ಮೇಲೆ ಹಾಕಿದರು. ಕಾಲು ಗಂಟೆಯಲ್ಲಿ ಎರಡು ಕೆಂಪು ಗೆರೆ ಎದ್ದವು. ಡಾಕ್ಟರು ಕಾರ್ಡನ್ನು ಟ್ಯೂಬ್‌ಲೈಟ್ ಕಡೆಗೆ ಹಿಡಿದು ನೋಡಿ "ಡೆಂಗಿ" ಅಂದರು. ಚೀಟಿಯಲ್ಲಿ ಮಾತ್ರ "ವೈರಲ್ ಫೀವರ್" ಅಂತ ಬರೆದರು.

"ಸಾರ್, ಈಗ ತಾನೇ ಡೆಂಗಿ ಅಂದ್ರಲ್ಲ?"

"ನಿಮಗೆ ಡೆಂಗಿನೇ. ಸರ್ಕಾರಕ್ಕೆ ಇನ್ನೂ ಅಲ್ಲ."

ನಿಯಮ ಹಾಗೇ ಇದೆಯಂತೆ. ಕಾರ್ಡ್ ಟೆಸ್ಟು ಆಟಕ್ಕುಂಟು, ಲೆಕ್ಕಕ್ಕಿಲ್ಲ. ಎಲೈಸಾ ಅಂತ ಲ್ಯಾಬಿನಲ್ಲಿ ಮಾಡುವ ರಕ್ತಪರೀಕ್ಷೆ ಇದೆ, ಅದಾದರೆ ಮಾತ್ರ ಡೆಂಗಿ ಖಚಿತ. ಜ್ವರದ ಮೊದಲ ಐದು ದಿನವಾದರೆ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್‌1 ಎಲೈಸಾ, ಆಮೇಲಾದರೆ ಮೈ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ. ಇದರಲ್ಲಿ ತಪ್ಪೇನಿಲ್ಲ ಬಿಡಿ, ಕಾರ್ಡು ಒಮ್ಮೊಮ್ಮೆ ಸುಳ್ಳು ಹೇಳುತ್ತದೆ. ತಮಾಷೆ ಏನಪ್ಪಾ ಅಂದರೆ, 2024ರ ಜುಲೈನಲ್ಲಿ ನಮ್ಮ ಸರ್ಕಾರ ಖಾಸಗಿ ಲ್ಯಾಬುಗಳಿಗೆ ದರ ಗೊತ್ತುಮಾಡಿತಲ್ಲ, ಆಗ ಎಲೈಸಾಗೆ 300 ರೂಪಾಯಿ ಅಂತ ಬರೆದ ಕೈಯೇ ಕಾರ್ಡಿಗೂ 250 ಅಂತ ಬರೆಯಿತು. ನಂಬಿಕೆಗೆ ಬಾರದ ಸಾಕ್ಷಿಗೂ ಬಸ್ ಚಾರ್ಜು ಕೊಟ್ಟು ಕರೆಸಿದ ಹಾಗೆ.

ಸರಿ, ಎಲೈಸಾ ಮಾಡಿಸೋಣ ಅಂದರೆ ನಮ್ಮ ಊರಲ್ಲಿ ಅದಿಲ್ಲ. ರಕ್ತ ಜಿಲ್ಲಾ ಕೇಂದ್ರಕ್ಕೆ ಹೋಗಬೇಕು. ಎಲೈಸಾ ತಟ್ಟೆಯಲ್ಲಿ 96 ಗುಳಿ ಇರುತ್ತವೆ. ಒಬ್ಬನ ರಕ್ತಕ್ಕೋಸ್ಕರ ಕಿಟ್ ಒಡೆದರೆ ನಷ್ಟ. ಹಾಗಾಗಿ ಸ್ಯಾಂಪಲ್ ತುಂಬುವವರೆಗೆ ಕಾಯುತ್ತಾರೆ. ನಮ್ಮೂರ ಬಸ್‌ಸ್ಟ್ಯಾಂಡಿನ ಟೆಂಪೋ ನೋಡಿದ್ದೀರಲ್ಲ? ಟಾಪ್ ಮೇಲೂ ಜನ ಹತ್ತಿದ ಮೇಲೇ ಅದು ಕದಲುವುದು. ನನ್ನ ರಕ್ತವೂ ಹಾಗೇ, ಕಿಟಕಿ ಸೀಟಿನಲ್ಲಿ ಕೂತು ಇನ್ನಷ್ಟು ಪ್ರಯಾಣಿಕರಿಗೆ ಕಾಯುತ್ತಿತ್ತು. ಅಲ್ಲಿಯವರೆಗೆ ನಾನು "ಶಂಕಿತ". ಸರ ಕದ್ದವನಿಗೂ ಪೊಲೀಸರು ಅದೇ ಪದ ಹೇಳುತ್ತಾರೆ. ಮನೆಯಲ್ಲಿ ಪರಂಗಿ ಎಲೆ ರಸ ಕುಡಿಸುತ್ತಿದ್ದ ಹೆಂಡತಿಗೆ ಮಾತ್ರ ಯಾವ ಶಂಕೆಯೂ ಇರಲಿಲ್ಲ.

ನಾಲ್ಕನೇ ದಿನ ಪ್ಲೇಟ್‌ಲೆಟ್ ಲೆಕ್ಕ ಮಾಡಿಸಲು ಹೋದಾಗ ಕ್ಲಿನಿಕ್ಕಿನಲ್ಲಿ ಜನ ಕಡಿಮೆ ಇದ್ದರು. ಡಾಕ್ಟರು ಮನಸ್ಸು ಬಿಚ್ಚಿದರು. ದೇಶದಲ್ಲಿ ರೋಗ ಕಣ್ಗಾವಲು ಅಂತ ಒಂದು ಯೋಜನೆ 2004ರಲ್ಲೇ ಶುರುವಾಗಿದೆ. ಅದಕ್ಕೆ ಮೂರು ಫಾರಂ. ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತೆಯರಿಗೆ ಎಸ್, ಡಾಕ್ಟರಿಗೆ ಪಿ, ಲ್ಯಾಬಿಗೆ ಎಲ್. ಅಂದರೆ ಲಕ್ಷಣ ಕಂಡಿದ್ದು, ಡಾಕ್ಟರ್ ಊಹಿಸಿದ್ದು, ಲ್ಯಾಬ್ ಒಪ್ಪಿದ್ದು. 2021ರಿಂದ ದೇಶಕ್ಕೆಲ್ಲ ಆನ್‌ಲೈನ್ ಪೋರ್ಟಲ್ಲೂ ಬಂದಿದೆ.

"ಹಾಗಾದ್ರೆ ನಂದು ಪಿ ಫಾರಂನಲ್ಲಿ ಹಾಕಬಹುದಲ್ವಾ ಸಾರ್?"

ಅವರು ಸ್ಟೆತಸ್ಕೋಪನ್ನು ಮೇಜಿನ ಮೇಲಿಟ್ಟರು. "ಹಾಕ್ತಿದ್ದೆ. ಕ್ಲಿನಿಕ್ ತೆಗೆದ ಮೊದಲ ವರ್ಷ ಸಿಕ್ಕಿದ್ದನ್ನೆಲ್ಲ ಹಾಕ್ತಿದ್ದೆ."

ಒಂದು ಕೇಸ್ ಹಾಕಿದರೆ ಐದು ಫೋನ್ ಬರುತ್ತಿದ್ದವಂತೆ. ರೋಗಿಯ ಮನೆ ಎಲ್ಲಿ, ಟ್ರಾವೆಲ್ ಹಿಸ್ಟರಿ ಏನು, ಸ್ಯಾಂಪಲ್ ಯಾಕೆ ಕಳಿಸಿಲ್ಲ, ಕಳಿಸಿದ್ದು ಯಾಕೆ ಸೋರಿದೆ. ಆಮೇಲೆ ಮೀಟಿಂಗಿಗೆ ಕರೆ. ಅಲ್ಲಿ ಪರದೆ ಮೇಲೆ ಪಟ್ಟಿ. ಇವರ ಏರಿಯಾ ಕೆಂಪು. "ನಿಮ್ಮ ಕಡೆ ಮಾತ್ರ ಯಾಕ್ರೀ ಇಷ್ಟು ಜಾಸ್ತಿ?" ಅಂತ ಮೇಲಿನವರು ಗದರಿದರು. ಸೊಳ್ಳೆಗಳನ್ನು ಡಾಕ್ಟರೇ ಸಂಪಿನಲ್ಲಿ ಸಾಕಿದ್ದಾರೇನೋ ಅನ್ನುವ ಹಾಗೆ. ಕುಂಬಳಕಾಯಿ ಕದ್ದಿರದಿದ್ದರೂ ಪಾಪ ಹೆಗಲು ಮುಟ್ಟಿ ನೋಡಿಕೊಂಡು ಬಂದರು.

ಪಕ್ಕದ ಬೀದಿಯ ಕ್ಲಿನಿಕ್ಕಿನವರದು ಪ್ರತಿ ವಾರವೂ ಸೊನ್ನೆ. ಅವರಿಗೆ ಫೋನಿಲ್ಲ, ಮೀಟಿಂಗಿಲ್ಲ. ಪರದೆ ಮೇಲೆ ಅವರ ಏರಿಯಾ ಭತ್ತದ ಗದ್ದೆಯ ಹಾಗೆ ಹಸಿರೋ ಹಸಿರು. ಎರಡೂ ಬೀದಿಗೆ ಒಂದೇ ನಲ್ಲಿ ನೀರು, ಅದೂ ನಾಲ್ಕು ದಿನಕ್ಕೊಮ್ಮೆ. ಎರಡು ಕಡೆಯೂ ಅದೇ ನೀಲಿ ಡ್ರಮ್ಮುಗಳು. ಆದರೂ ಸೊಳ್ಳೆಗಳು ಮೂಲೆ ಮನೆಯ ಹತ್ತಿರ ಬಂದು, ಗಡಿ ನೋಡಿ, ವಾಪಸ್ ಹೋಗುತ್ತವೆ. ಈಗ ನಮ್ಮ ಡಾಕ್ಟರ ಪೋರ್ಟಲ್ ಪಾಸ್‌ವರ್ಡೂ ಮರೆತುಹೋಗಿದೆ. ನೆನಪು ಮಾಡಿಕೊಳ್ಳುವ ಆತುರ ಅವರಿಗಿದ್ದಂತೆ ಕಾಣಲಿಲ್ಲ.

ಟಿಬಿಯದು ಇನ್ನೊಂದು ಥರ. ಅದನ್ನು ಖಾಸಗಿಯವರೂ ತಿಳಿಸಲೇಬೇಕು ಅಂತ 2012ರಲ್ಲಿ ಆದೇಶವಾಯಿತು. 2018ರಲ್ಲಿ, ತಿಳಿಸದಿದ್ದರೆ ಜೈಲೂ ಆಗಬಹುದು ಅಂದರು. ತಿಳಿಸಿದರೆ 500 ರೂಪಾಯಿ ಪ್ರೋತ್ಸಾಹಧನ. ಒಂದು ಕೈಯಲ್ಲಿ ಬೆತ್ತ, ಇನ್ನೊಂದು ಕೈಯಲ್ಲಿ ಬೆಲ್ಲ. ಡೆಂಗಿಯಲ್ಲಿ ಬೆಲ್ಲವಿಲ್ಲ. ಬೆತ್ತವೂ ತಿಳಿಸಿದವರಿಗೇ.

2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿತು. ಮನೆಯಲ್ಲಿ ಸೊಳ್ಳೆ ಮರಿ ಸಿಕ್ಕರೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ. ಹಳ್ಳಿ ಸೊಳ್ಳೆಗೆ ಅರ್ಧ ಟಿಕೆಟ್. ನೀರು ಬಿಡುವುದು ನಾಲ್ಕು ದಿನಕ್ಕೊಮ್ಮೆ, ಹಿಡಿದಿಟ್ಟುಕೊಂಡರೆ ದಂಡ. ಡೆಂಗಿ ಸೊಳ್ಳೆ ಮಡಿವಂತ ಸೊಳ್ಳೆ, ಮೊಟ್ಟೆ ಇಡಲು ಅದಕ್ಕೆ ತಿಳಿನೀರೇ ಬೇಕು. ಕಚ್ಚುವುದೂ ಹಗಲು ಹೊತ್ತಿನಲ್ಲೇ. ನಮ್ಮ ಬೀದಿಗೆ ಬಂದವರು ಚರಂಡಿಗೆ ಬ್ಲೀಚಿಂಗ್ ಪೌಡರ್ ಚೆಲ್ಲಿ, ಕತ್ತಲಾದ ಮೇಲೆ ಹೊಗೆ ಬಿಟ್ಟು, ಫೋಟೋ ಹೊಡೆದುಕೊಂಡು ಹೋದರು. ಫೋಟೋ ಚೆನ್ನಾಗಿ ಬಂದಿತ್ತು.

ಈ ರಾಜ್ಯದಲ್ಲಿ ರೋಗದ ಸುದ್ದಿಯನ್ನು ಅಚ್ಚುಕಟ್ಟಾಗಿ ಮುಟ್ಟಿಸಿದ್ದು ಯಾರು ಅಂತ ಕೇಳಿದರೆ ನಾನು ಮಂಗಗಳ ಹೆಸರು ಹೇಳುತ್ತೇನೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಅವು ಒಂದರ ಹಿಂದೆ ಒಂದು ಬಿದ್ದು ಸತ್ತವು. ಸುತ್ತಲಿನ ಹಳ್ಳಿಯವರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಅಲ್ಲೊಂದು ಹೊಸ ವೈರಸ್ ಪತ್ತೆ ಮಾಡಿದರು. ಇವತ್ತಿಗೂ ಮಲೆನಾಡಿನಲ್ಲಿ ಮಂಗ ಸತ್ತರೆ ಆರೋಗ್ಯ ಇಲಾಖೆ ಎದ್ದು ಕೂರುತ್ತದೆ. ಮಂಗಕ್ಕೆ ಪಾಸ್‌ವರ್ಡ್ ಬೇಡ, ಸತ್ತರೆ ಸಾಕು. ಮನುಷ್ಯರಿಗೆ ಡೆಂಗಿಯಲ್ಲಿ ಅದೂ ಸಾಲದು. ಡೆತ್ ಆಡಿಟ್ ಸಮಿತಿ ಕೂತು, ಕಾಗದ ತಿರುವಿ, ಡೆಂಗಿಯಿಂದಲೇ ಸತ್ತ ಅಂತ ಒಪ್ಪಬೇಕು.

ನಾನು ಸಾಯಲಿಲ್ಲ. ಹದಿನೈದು ದಿನಕ್ಕೆ ಎದ್ದು ಓಡಾಡತೊಡಗಿದೆ. ಇಪ್ಪತ್ತೆರಡನೇ ದಿನ ಬೆಳಿಗ್ಗೆ ಊರಿಂದ ದೊಡ್ಡಮ್ಮನ ಫೋನು. ಅಳು.

"ಏನಾಯ್ತು ದೊಡ್ಡಮ್ಮ?"

"ನೀನೇನಪ್ಪಾ ಮಾತಾಡ್ತಿರೋದು? ಚೆನ್ನಾಗಿದೀಯಾ?"

ಜಿಲ್ಲೆಯಲ್ಲಿ ಟೆಂಪೋ ತುಂಬಿ ನನ್ನ ರಕ್ತ ಕೊನೆಗೂ ಹೊರಟಿತ್ತು. ಡೆಂಗಿ ಖಚಿತವಾಗಿತ್ತು. ಸ್ಯಾಂಪಲ್ ಜೊತೆ ಕೊಟ್ಟ ಆಧಾರ್ ಕಾರ್ಡಿನಲ್ಲಿ ನನ್ನದು ಇನ್ನೂ ಹಳ್ಳಿ ವಿಳಾಸ. ಇಲ್ಲಿಂದ ಇನ್ನೂರು ಕಿಲೋಮೀಟರ್. ನಾನು ಆ ಮನೆಗೆ ಹೋಗಿ ಎರಡು ವರ್ಷವಾಗಿದೆ.

"ನಾಲ್ಕು ಜನ ಬಂದು ಬಾಗಿಲಲ್ಲಿ ನಿಂತವ್ರೆ ಕಣೋ" ಅಂದರು ದೊಡ್ಡಮ್ಮ. "ನಿನ್ನ ಹೆಸರು ಹೇಳಿ, ಹೊಗೆ ಹಾಕಬೇಕು ಅಂತವ್ರೆ."