ಕಂಪನಿ ಹೆಸರು ಕೇಳದೆ ರೆಸ್ಯೂಮ್ ಕೊಡಬೇಡಿ

ಬೆಳಗಾವಿಯ ಉದ್ಯಮಬಾಗದ ಒಂದು ಮಷಿನಿಂಗ್ ಕಾರ್ಖಾನೆಯಲ್ಲಿ ನಾನು ಎಚ್‌ಆರ್. ಕೆಲಸ ಹುಡುಕುತ್ತಿರುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಒಂದು ಮಾತು ಹೇಳಲೇಬೇಕು. ಕೆಲಸ ಕೊಡಿಸುವ ಕನ್ಸಲ್ಟೆನ್ಸಿಯವರು ಫೋನ್ ಮಾಡಿ "ಒಳ್ಳೇ ಓಪನಿಂಗ್ ಇದೆ, ರೆಸ್ಯೂಮ್ ವಾಟ್ಸಾಪ್ ಮಾಡಿ" ಅಂದ ತಕ್ಷಣ ಕಳಿಸಿಬಿಡಬೇಡಿ. ಯಾವ ಕಂಪನಿ, ಯಾವ ಕೆಲಸ, ಯಾವ ಊರು ಅಂತ ಮೊದಲು ಕೇಳಿ.

ಕಳೆದ ತಿಂಗಳು ನಮಗೊಬ್ಬ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ ಮಷಿನ್) ಪ್ರೋಗ್ರಾಮರ್ ಬೇಕಿತ್ತು. ಒಬ್ಬನೇ ಹುಡುಗನ ರೆಸ್ಯೂಮ್ ಎರಡು ಕನ್ಸಲ್ಟೆನ್ಸಿಯಿಂದ ಬಂತು. ಒಂದರಲ್ಲಿ 2 ವರ್ಷದ ಅನುಭವ, ಇನ್ನೊಂದರಲ್ಲಿ 4. ಕೇಳಿದ ಸಂಬಳವೂ ಬೇರೆ. ಒಬ್ಬರಂತೂ ಅವನ ಫೋನ್ ನಂಬರ್ ಅಳಿಸಿ ತಮ್ಮ ಲೋಗೊ ಅಂಟಿಸಿದ್ದರು. ಹುಡುಗನಿಗೇ ಫೋನ್ ಮಾಡಿದೆ. "ಮೇಡಂ, ನಿಮ್ಮ ಕಂಪನಿಗೆ ಹೋಗಿದೆ ಅಂತ ನನಗ ಗೊತ್ತೇ ಇಲ್ರೀ" ಅಂದ. ಕೆಲಸ ಬಲ್ಲವನು. ಆದರೂ ಮೇಲಿನವರು "ಈ ತಂಟೆ ಬ್ಯಾಡ, ಬಿಡ್ರಿ" ಅಂದುಬಿಟ್ಟರು. ನನಗೆ ಬಹಳ ಸಂಕಟವಾಯಿತು.

ಇದೆಲ್ಲ ದುಡ್ಡಿನ ವಿಷಯ. ನೀವು ಸೇರಿದರೆ ಕನ್ಸಲ್ಟೆನ್ಸಿಗೆ ಕಂಪನಿ ಹಣ ಕೊಡುತ್ತದೆ. ವರ್ಷದ ಸಂಬಳದ ಶೇ. 8.33, ಅಂದರೆ ಒಂದು ತಿಂಗಳ ಸಂಬಳ, ಬಹಳ ಕಡೆ ನಡೆಯುವ ಲೆಕ್ಕ. ಇಬ್ಬರೂ "ನಮ್ಮ ಕ್ಯಾಂಡಿಡೇಟ್" ಅಂತ ನಿಂತರೆ ಬಿಲ್ ಯಾರಿಗೆ ಪಾಸ್ ಮಾಡುವುದು? ಎಷ್ಟೋ ಕರಾರುಗಳಲ್ಲಿ ಮೊದಲು ಕಳಿಸಿದವರದ್ದೇ ಹಕ್ಕು. ಅದು ಆರು ತಿಂಗಳೋ ವರ್ಷವೋ ನಡೆಯುತ್ತದೆ. ಆಮೇಲೆ ನೀವೇ ನೇರವಾಗಿ ಅರ್ಜಿ ಹಾಕಿದರೂ, ಒಳಗಿರುವ ಗೆಳೆಯ ರೆಫರ್ ಮಾಡಿದರೂ ಅವರ ಹೆಸರು ಅಡ್ಡ ಬರುತ್ತದೆ. ಪುಣೆ, ಬೆಂಗಳೂರಿನ ದೊಡ್ಡ ಕಂಪನಿಗಳಲ್ಲಿ ಇಮೇಲ್, ಫೋನ್ ನಂಬರ್ ನೋಡಿ ಸಾಫ್ಟ್‌ವೇರೇ ಡೂಪ್ಲಿಕೇಟ್ ಅಂತ ತೋರಿಸುತ್ತದೆ.

ನಮ್ಮೂರಲ್ಲಿ ಇನ್ನೊಂದು ಭಯ ಇದೆ. ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿ, ವರ್ಕ್‌ಶಾಪ್ ಮಾಲಕರು ಒಬ್ಬರಿಗೊಬ್ಬರು ಪರಿಚಯ ಇರುವವರು. ಎಲ್ಲೆಲ್ಲೋ ಸುತ್ತಾಡಿದ ರೆಸ್ಯೂಮ್ ನಿಮ್ಮ ಸಾಹೇಬರ ಟೇಬಲ್ಲಿಗೇ ಬಂದರೆ? ನೌಕ್ರಿ ಪೋರ್ಟಲ್‌ನಲ್ಲಿ ಈಗಿನ ಕಂಪನಿಗೆ ನಿಮ್ಮ ಪ್ರೊಫೈಲ್ ಕಾಣದ ಹಾಗೆ ಬ್ಲಾಕ್ ಮಾಡಬಹುದು. ಇವತ್ತೇ ಮಾಡಿ.

ಕೆಲವು ಕನ್ಸಲ್ಟೆಂಟ್‌ಗಳು ಮೊದಲ ಫೋನಿನಲ್ಲೇ ಕಂಪನಿ ಹೆಸರು ಹೇಳುವುದಿಲ್ಲ. ನೀವು ನೇರ ಹೋಗಿಬಿಡುತ್ತೀರಿ ಅಂತ ಅವರಿಗೂ ಅಂಜಿಕೆ, ಅದು ಸುಳ್ಳಲ್ಲ. ಆದರೆ ಕಳಿಸುವ ಮುಂಚೆ ಹೇಳಲೇಬೇಕು. ಹೇಳುವುದೇ ಇಲ್ಲ ಅಂದರೆ ಕೊಡಲೇಬೇಡಿ. ಹೇಳಿದರೆ ಹೀಗೆ ಮೆಸೇಜ್ ಹಾಕಿ: "ಈ ಕಂಪನಿಯ ಈ ಕೆಲಸಕ್ಕೆ ಮಾತ್ರ ನನ್ನ ಒಪ್ಪಿಗೆ. ಬೇರೆ ಕಡೆ ಕಳಿಸುವ ಮೊದಲು ಕೇಳಿ. ಬರೆದದ್ದನ್ನು ಬದಲಿಸಬೇಡಿ." 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯ ಮಾತನ್ನೇ ಆಡುತ್ತದೆ. ಹಾಗಾಗಿ ಕೇಳೋಕೆ ಸಂಕೋಚ ಯಾಕೆ? ಯಾರ ಮೂಲಕ, ಯಾವ ಕಂಪನಿಗೆ, ಯಾವ ತಾರೀಖಿಗೆ ಹೋಯಿತು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಅದೇ ಕೆಲಸಕ್ಕೆ ಇನ್ನೊಬ್ಬರು ಕೇಳಿದರೆ "ಆಗಲೇ ಹೋಗಿದೆ" ಅಂತ ನೇರವಾಗಿ ಹೇಳಿ.

ಈಗಾಗಲೇ ಎರಡು ಕಡೆಯಿಂದ ಹೋಗಿದ್ದರೆ ಸುಮ್ನೆ ಕೂರಬೇಡಿ. ಯಾರಿಗೆ ಒಪ್ಪಿಗೆ ಕೊಟ್ಟಿದ್ದಿರಿ ಅಂತ ಆ ಮೆಸೇಜಿನ ಸ್ಕ್ರೀನ್‌ಶಾಟ್ ಸಮೇತ ಕಂಪನಿಯ ಎಚ್‌ಆರ್‌ಗೆ ಮೇಲ್ ಹಾಕಿ. ನಾವು ನೋಡುತ್ತೇವೆ.