ಸ್ಪಷ್ಟನೆ: ಸಂಶೋಧನೆಯಲ್ಲಿ ಪಾಲ್ಗೊಳ್ಳುವ ಅಂಗವಿಕಲರಿಗೆ ಹಣ ಕೊಡುವುದು ತಪ್ಪಲ್ಲ

‘ಸಂಶೋಧನೆಯಲ್ಲಿ ಭಾಗವಹಿಸುವ ಅಂಗವಿಕಲರಿಗೆ ಹಣ ಕೊಟ್ಟರೆ ಅದು ಆಮಿಷ, ನೈತಿಕ ನಿಯಮಗಳಿಗೆ ವಿರುದ್ಧ’ ಎಂಬ ಸಂದೇಶ ಹರಿದಾಡುತ್ತಿದೆ. ನಾನೂ ಅದನ್ನು ಹಂಚಿದ್ದೆ. ಅದು ತಪ್ಪು.

ಅಂತರರಾಷ್ಟ್ರೀಯ ವೈದ್ಯಕೀಯ ವಿಜ್ಞಾನ ಸಂಘಟನೆಗಳ ಮಂಡಳಿ 2016ರಲ್ಲಿ ಹೊರತಂದ ಮಾರ್ಗಸೂಚಿಗಳಲ್ಲಿ 13ನೆಯದು ಹೇಳುವುದೇ ಬೇರೆ: ಆರೋಗ್ಯ ಸಂಶೋಧನೆಯಲ್ಲಿ ಪಾಲ್ಗೊಳ್ಳುವವರಿಗೆ ಪ್ರಯಾಣದಂಥ ವೆಚ್ಚವನ್ನು ಭರಿಸಬೇಕು, ಅವರ ಸಮಯಕ್ಕೂ ತೊಂದರೆಗೂ ಸೂಕ್ತ ಪ್ರತಿಫಲ ನೀಡಬೇಕು. ಅಂಗವಿಕಲರನ್ನು ಅದು ಹೊರಗಿಟ್ಟಿಲ್ಲ. ಅದು ತಡೆಯುವುದು ವಿವೇಚನೆಯನ್ನೇ ಮಂಕಾಗಿಸುವಷ್ಟು ದೊಡ್ಡ ಮೊತ್ತವನ್ನು. ಕೊಡುವ ಹಣಕ್ಕೆ ನೈತಿಕ ಸಮಿತಿಯ, ಅಂದರೆ ಸಂಶೋಧನೆ ನೈತಿಕವಾಗಿದೆಯೇ ಎಂದು ಪರಿಶೀಲಿಸುವ ಸಮಿತಿಯ, ಒಪ್ಪಿಗೆ ಬೇಕು. ಸಹಾಯಕರನ್ನು ಕರೆದುಕೊಂಡು, ಬೇರೆ ವಾಹನ ಗೊತ್ತುಮಾಡಿಕೊಂಡು ಬರುವವರಿಗೆ ಖರ್ಚು ಇನ್ನೂ ಹೆಚ್ಚು. ಸಂಶೋಧಕರಿಗೆ ಸಂಬಳವಿದ್ದು, ಅನುಭವ ಹಂಚಿಕೊಳ್ಳುವವರು ಮಾತ್ರ ಬಿಟ್ಟಿ ದುಡಿಯಬೇಕೆಂಬುದು ನನಗೆ ನ್ಯಾಯವೆನಿಸುವುದಿಲ್ಲ.

ದಯವಿಟ್ಟು ಆ ಸಂದೇಶವನ್ನು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅಳಿಸಿಬಿಡಿ.