ಆ ತುಕ್ಕಿನ ತಂಟೆಗೆ ಹೋಗಬೇಡಿ, ದಮ್ಮಯ್ಯ

ಬೆಳಿಗ್ಗೆ ಬೆಳಿಗ್ಗೆಯೇ ಯಾರೋ ಕಳಿಸಿದ ವಿಡಿಯೊ ನೋಡಿ ತಲೆ ಕೆಟ್ಟಿದೆ. ಎರಡನೇ ಮಹಾಯುದ್ಧದ ಕಾಲದ ಜಪಾನಿ ಅಧಿಕಾರಿಯ ಕತ್ತಿ, ಶಿನ್-ಗುಂತೊ. ಮಹಾಶಯ ಹಿಡಿ ಕಳಚುತ್ತಾನೆ, ಅಲ್ಲಿಯವರೆಗೆ ಸರಿ. ಆಮೇಲೆ ಡ್ರಿಲ್ ಮಷೀನಿಗೆ ತಂತಿ ಬ್ರಶ್ ಸಿಕ್ಕಿಸಿಕೊಂಡು, ಹಿಡಿಯೊಳಗೆ ಕೂರುವ ಬಾಲವನ್ನು, ಅಂದರೆ ನಕಾಗೊವನ್ನು, ಪಳಪಳ ಹೊಳೆಯುವ ತನಕ ಉಜ್ಜುತ್ತಾನೆ. ಹಿನ್ನೆಲೆಯಲ್ಲಿ ವೀರಾವೇಶದ ಸಂಗೀತ. ಕೆಳಗೆ ಚಪ್ಪಾಳೆಯೋ ಚಪ್ಪಾಳೆ. 'ಕತ್ತಿಗೆ ಮರುಜೀವ ಕೊಟ್ಟಿರಿ ಸರ್' ಅಂತೆ! ವೀರಗಲ್ಲಿಗೆ ಗ್ರೈಂಡರ್ ಹಿಡಿದು ನುಣುಪು ಮಾಡಿದರೂ ಇವರು ಇದನ್ನೇ ಬರೆಯುತ್ತಾರೋ ಏನೋ.

ಈ ವಿಷಯ ಎತ್ತಿದರೆ ನಾನು ಬೇಗ ನಿಲ್ಲಿಸುವವನಲ್ಲ ಅಂತ ಹಳೇ ಗೆಳೆಯರಿಗೆ ಗೊತ್ತು. ಪುರುಸೊತ್ತಿಲ್ಲದವರು ಈಗಲೇ ಮುಂದಿನ ಪೋಸ್ಟಿಗೆ ಹೋಗಿ.

ಜಪಾನಿ ಕತ್ತಿಯ ಅಲಗಿಗೆ ಎಷ್ಟು ಸಲ ಬೇಕಾದರೂ ಸಾಣೆ ಹಿಡಿಸುತ್ತಾರೆ. ನಕಾಗೊಗೆ ಸಾಣೆ ಇಲ್ಲ. ಕಮ್ಮಾರ ಅರ ಆಡಿಸಿ, ಉಳಿಯಲ್ಲಿ ಹೆಸರು ಕೆತ್ತಿ ಕೈಬಿಟ್ಟ ಮೇಲೆ ಅದನ್ನು ಯಾರೂ ತಿದ್ದಬಾರದು. ಅಲ್ಲಿ ಕೂತ ತುಕ್ಕೇ ಆ ಕತ್ತಿಯ ವಯಸ್ಸು ಹೇಳುವುದು. 1940ರ ದಶಕದ ನಕಾಗೊ ಬೂದು ಮಿಶ್ರಿತ ಕಂದು ಬಣ್ಣದಲ್ಲಿರುತ್ತದೆ, ಅರದ ಗೆರೆಗಳು ಇನ್ನೂ ಚೂಪಾಗಿ ಕಾಣುತ್ತವೆ. ಮೂರ್ನಾಲ್ಕು ಶತಮಾನ ಕಂಡದ್ದು ಕಪ್ಪಗೆ, ದಟ್ಟವಾಗಿ, ಮುಟ್ಟಿದರೆ ಕೈಗೆ ಹತ್ತದಂತೆ ಕಟ್ಟಿಕೊಂಡಿರುತ್ತದೆ. ಹೊಳೆಯುವ ನಕಾಗೊ ನೋಡಿ ಇವೆರಡರಲ್ಲಿ ಯಾವುದು ಅಂತ ಯಾವ ಪಂಡಿತನೂ ಹೇಳಲಾರ.

'ಅಯ್ಯೋ, ಯುದ್ಧಕಾಲದ ಕಾರ್ಖಾನೆ ಮಾಲು ತಾನೇ, ಅದಕ್ಕೇನು ಇಷ್ಟು ಮಡಿ' ಅನ್ನುವವರಿದ್ದಾರೆ. ಕಾರ್ಖಾನೆ ಮಾಲು ಅಂತ ನಿಮಗೆ ಹೇಳಿದವರು ಯಾರು? ಅಧಿಕಾರಿಗಳಿಗೆ ಸರ್ಕಾರ ಕತ್ತಿ ಹಂಚುತ್ತಿರಲಿಲ್ಲ, ಅವರೇ ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಮನೆಯಲ್ಲಿ ಅಜ್ಜನ ಕಾಲದ ಅಲಗಿದ್ದರೆ ಅದಕ್ಕೇ 1934ರ ಮಾದರಿಯ ಸೈನ್ಯದ ಹಿಡಿ, ಒರೆ ಹಾಕಿಸಿಕೊಂಡವರು ಬೇಕಾದಷ್ಟು ಜನ. ಹೊರಗೆಲ್ಲ ಚೆರ್ರಿ ಹೂವಿನ ಹಿತ್ತಾಳೆ, ಒಳಗೆ 17ನೇ ಶತಮಾನದ ಉಕ್ಕು. ಇದು ಗೊತ್ತಾಗುವುದು ನಕಾಗೊದಿಂದಲೇ. ಹಿಡಿಯ ಮೊಳೆ ತೂರುವ ತೂತು ಒಂದಕ್ಕಿಂತ ಹೆಚ್ಚಿದ್ದರೆ ಉದ್ದದ ಅಲಗನ್ನು ಯಾವಾಗಲೋ ಮೊಟಕು ಮಾಡಿರಬಹುದು ಎಂಬ ಅನುಮಾನ ಏಳಬೇಕು. ಆಗ ತುಕ್ಕಿನ ಬಣ್ಣ ಎಲ್ಲಿ ಬದಲಾಗುತ್ತದೆ ಅಂತ ನೋಡಬೇಕು. ಮೊದಲಿನ ನಕಾಗೊ ಎಲ್ಲಿ ಶುರುವಾಗುತ್ತಿತ್ತು, ಆಮೇಲೆ ಎಷ್ಟು ಇಳಿಸಿದರು ಅನ್ನುವುದು ಅಲ್ಲಿ ಕಾಣುತ್ತದೆ. ತಂತಿ ಬ್ರಶ್ ಎರಡು ನಿಮಿಷ ಆಡಿದರೆ ಎಲ್ಲ ಒಂದೇ ಬಣ್ಣ.

ಇನ್ನು ಹೆಸರಿನ ಕತೆ. ಕೆತ್ತಿದ ಹೆಸರಿಗೆ ಮೆಯಿ ಅನ್ನುತ್ತಾರೆ. ದೊಡ್ಡ ಕಮ್ಮಾರರ ಹೆಸರನ್ನು ಸುಳ್ಳು ಸುಳ್ಳೇ ಕೆತ್ತುವ ದಂಧೆ ಜಪಾನಿನಲ್ಲೇ ಶತಮಾನಗಳಿಂದ ಇದೆ. ಹಿಡಿಯುವುದು ಹೇಗೆ? ಉಳಿಯ ಗೆರೆಯ ತಳದಲ್ಲಿರುವ ತುಕ್ಕು ಸುತ್ತಲಿನ ತುಕ್ಕಿನ ಜೊತೆ ಒಂದಾಗಿರಬೇಕು. ಹಳೇ ಕಪ್ಪು ತುಕ್ಕನ್ನು ಸೀಳಿಕೊಂಡು ಗೆರೆ ಹೋಗಿದ್ದರೆ, ತಳ ಬೇರೆ ಬಣ್ಣದ್ದಾಗಿದ್ದರೆ, ಹೆಸರು ಆಮೇಲೆ ಬಂದದ್ದು. ಉಳಿ ಹೊಡೆದಾಗ ಗೆರೆಯ ಅಂಚಿನಲ್ಲಿ ಲೋಹ ಸಣ್ಣಗೆ ಉಬ್ಬುತ್ತದೆ. ಅಡ್ಡ ಟಾರ್ಚ್ ಹಿಡಿದರೆ ಆ ಉಬ್ಬು ಕಾಣುತ್ತದೆ, ಹೊಡೆತ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಅನ್ನುವುದೂ ಕಾಣುತ್ತದೆ. ಎಮರಿ ಪೇಪರ್ ಮೊದಲು ತಿನ್ನುವುದೇ ಆ ಉಬ್ಬನ್ನು. ಉಜ್ಜಿದ ಮೇಲೆ ಅಸಲಿ ಹೆಸರಿಗೂ ಸಾಕ್ಷಿ ಇಲ್ಲ, ನಕಲಿಗೂ ಇಲ್ಲ. ಕಳ್ಳನಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಸರಿ, ಹಳೇ ಅಲಗಲ್ಲ, ಯುದ್ಧಕಾಲದ್ದೇ ಅಂತಲೇ ಇಟ್ಟುಕೊಳ್ಳೋಣ. ಆಗಲೂ ನಕಾಗೊವೇ ಗತಿ. ಪುಟ್ಟ 'ಸೆಕಿ' ಮುದ್ರೆಯೋ 'ಶೋವಾ' ಮುದ್ರೆಯೋ ಇದ್ದರೆ ಅದು ಸಾಮಾನ್ಯವಾಗಿ ಶೋವಾತೊ, ಅಂದರೆ ಸಾಂಪ್ರದಾಯಿಕವಲ್ಲದ ಉಕ್ಕು, ನೀರಿನ ಬದಲು ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದ್ದು. ನಕ್ಷತ್ರದ ಮುದ್ರೆ ಇದ್ದರೆ ಕುಣಿಯಬಹುದು. ಸೈನ್ಯವೇ ನೇಮಿಸಿಕೊಂಡ ಕಮ್ಮಾರರು ಸಾಂಪ್ರದಾಯಿಕ ತಮಾಹಗಾನೆ ಉಕ್ಕನ್ನು ಮಡಚಿ ಬಡಿದು ಮಾಡಿದ್ದು ಅದು. ಇವೆರಡರ ಬೆಲೆಗೆ ಅಜಗಜಾಂತರ. ದಕ್ಷಿಣ ಮಂಚೂರಿಯ ರೈಲ್ವೆ ಕಂಪನಿಯೂ ಕತ್ತಿ ಮಾಡುತ್ತಿತ್ತು, ಅದರ ಹೆಚ್ಚಿನ ಅಲಗುಗಳಲ್ಲಿ ಉದ್ದಕ್ಕೆ ಎಂಟು ಅಕ್ಷರದ 'ಕೋವಾ ಇಶ್ಶಿನ್' ಬರಹ ಇರುತ್ತದೆ. 1933ರಿಂದ 1945ರವರೆಗೆ ಟೋಕಿಯೊದ ಯಾಸುಕುನಿ ದೇಗುಲದ ಆವರಣದಲ್ಲೇ ಕುಲುಮೆ ಹಾಕಿ ಮಾಡಿದ ಅಲಗುಗಳದ್ದು ಇನ್ನೊಂದು ಗತ್ತು. ತಾರೀಖು ಇದ್ದರೆ ಶೋವಾ ವರ್ಷಕ್ಕೆ (ಆಗಿನ ಚಕ್ರವರ್ತಿಯ ಆಳ್ವಿಕೆಯ ಲೆಕ್ಕ) 1925 ಕೂಡಿಸಿ: ಶೋವಾ 17 ಅಂದರೆ 1942. ಮುದ್ರೆಗಳೆಲ್ಲ ಸಣ್ಣವು, ಕೆಲವಂತೂ ಆಳವಾಗಿ ಕೂತೇ ಇರುವುದಿಲ್ಲ. ಅವುಗಳ ಜೊತೆಗೆ ಕೆಂಪು ಅಥವಾ ಬಿಳಿ ಬಣ್ಣದಲ್ಲಿ ಕುಂಚದಿಂದ ಬರೆದ ಜೋಡಣೆ ಸಂಖ್ಯೆಯೂ ಇರಬಹುದು. ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿಡಿ ಅಂತ ಉಪದೇಶ ಮಾಡುವ ಇನ್ನೊಂದು ಪಂಗಡ ಇದೆಯಲ್ಲ, ಅವರ ಕೈಗೆ ಸಿಕ್ಕರೆ ಆ ಬಣ್ಣದ ಬರಹಕ್ಕೆ ಎಳ್ಳುನೀರು.

ಆ ಜೋಡಣೆ ಸಂಖ್ಯೆ ಯಾಕೆ ಮುಖ್ಯ ಅಂದರೆ, ಬಿಡಿಭಾಗಗಳ ಜೊತೆ ತಾಳೆ ನೋಡುವುದಕ್ಕೆ. ಕೈಕಾವಲಿನ ತಟ್ಟೆ ತ್ಸುಬ, ಅದರ ಎರಡೂ ಬದಿಗೆ ಪದರ ಪದರವಾಗಿ ಕೂರುವ ತೆಳು ಬಿಲ್ಲೆಗಳು ಸೆಪ್ಪ. ಒಳ್ಳೆಯ ಕತ್ತಿಯಲ್ಲಿ ಇವೆಲ್ಲದರ ಮೇಲೂ ಒಂದೇ ಸಂಖ್ಯೆ ಒತ್ತಿರುತ್ತದೆ. ಒಂದು ಸೆಪ್ಪದ ಸಂಖ್ಯೆ ಬೇರೆಯಾಗಿದ್ದರೆ ಬದಲಿ ತುಂಡು ಬಂದಿದೆ. ಎಲ್ಲವೂ ಬೇರೆ ಬೇರೆಯಾದರೆ ಗುಜರಿಯಿಂದ ಆರಿಸಿ ಕಟ್ಟಿದ ಕತ್ತಿ. ಬಿಚ್ಚುವಾಗ ಸೆಪ್ಪಗಳನ್ನು ಬಂದ ಕ್ರಮದಲ್ಲೇ, ಬಂದ ಮುಖ ಮೇಲಾಗಿ ಬಟ್ಟೆಯ ಮೇಲೆ ಸಾಲಾಗಿಟ್ಟು ಒಂದು ಫೋಟೊ ತೆಗೆಯಿರಿ. ಒಂದು ತಿರುವುಮುರುವಾದರೂ ಒರೆಯ ಬೀಗದ ಕ್ಲಿಪ್ಪಿಗೆ ಇರುವ ಕಂಡಿ ಸಾಲಿಗೆ ಕೂರುವುದಿಲ್ಲ. ಒಂದು ಕಳೆದರೆ ಹಿಡಿ ಗಡಗಡ ಅನ್ನುತ್ತದೆ. ಆಗ ನಮ್ಮ ಪುಣ್ಯಾತ್ಮರು ಮಾಡುವುದೇನು? ಎಂ-ಸೀಲ್ ಮೆತ್ತುತ್ತಾರೆ.

ಬಿಚ್ಚುವುದೇನೂ ಬ್ರಹ್ಮವಿದ್ಯೆಯಲ್ಲ. ಹಿಡಿಯ ಮೊಳೆ ಮೆಕುಗಿ, ಹೆಚ್ಚಾಗಿ ಬಿದಿರಿನದು, ಒಂದು ಬದಿ ದಪ್ಪ, ಒಂದು ಬದಿ ಸಣ್ಣ. ಸಣ್ಣ ಬದಿಯಿಂದ ಹಿತ್ತಾಳೆಯ ಅಥವಾ ಗಟ್ಟಿ ಮರದ ಕಡ್ಡಿ ಇಟ್ಟು ಮೆಲ್ಲಗೆ ತಟ್ಟಬೇಕು. ಎದುರು ಬದಿಯಿಂದ ಹೊಡೆದರೆ ಬಿಗಿಯುತ್ತಾ ಹೋಗಿ ಹಿಡಿಯ ಮರವೇ ಸೀಳುತ್ತದೆ. ಕೆಲವು ಸೈನ್ಯದ ಹಿಡಿಗಳಲ್ಲಿ ಎರಡು ಮೊಳೆ ಇರುತ್ತವೆ, ಎರಡನೆಯದನ್ನು ಮರೆತು ಎಳೆಯಬೇಡಿ. ಮೊಳೆ ಬಂದ ಮೇಲೆ ಅಲಗನ್ನು ಮೇಲ್ಮುಖವಾಗಿ, ತುಸು ಓರೆಯಾಗಿ, ಅಂಚು ನಿಮ್ಮಿಂದ ಆಚೆಗಿರುವಂತೆ ಎಡಗೈಯಲ್ಲಿ ಹಿಡಿಯ ತುದಿ ಹಿಡಿದು, ಆ ಮಣಿಕಟ್ಟಿನ ಮೇಲೆ ಬಲಗೈ ಮುಷ್ಟಿಯಿಂದ ಗುದ್ದಿ. ಅಲಗು ಸಡಿಲವಾಗುತ್ತದೆ. ಬರದಿದ್ದರೆ ಬಿಡಿ, ಇನ್ನೊಂದು ದಿನ ನೋಡಿ. ತ್ಸುಬಕ್ಕೆ ಕಬ್ಬಿಣದ ಸುತ್ತಿಗೆ ಹೊಡೆದವರ ಕತ್ತಿಗಳನ್ನು ದೂರದಿಂದಲೇ ಗುರುತಿಸಬಹುದು, ಅಂಚಿನ ಹೂವೆಲ್ಲ ಚಪ್ಪಟೆ.

ಈಗ ಮಾಮೂಲಿ ವಾದ ಬರುತ್ತದೆ: 'ತುಕ್ಕು ಬಿಟ್ಟರೆ ಕಬ್ಬಿಣ ತಿಂದು ಹಾಕುವುದಿಲ್ಲವೇ?' ಕೇಳುವುದು ನ್ಯಾಯವೇ. ಆದರೆ ಎಲ್ಲ ತುಕ್ಕೂ ಒಂದಲ್ಲ. ಕಪ್ಪಗೆ ಕಟ್ಟಿಕೊಂಡ ಪದರ ಸ್ಥಿರವಾಗಿರುತ್ತದೆ, ಕೆಳಗಿನ ಉಕ್ಕನ್ನು ಕಾಯುತ್ತದೆ. ಕಿತ್ತಳೆ ಬಣ್ಣದ ಪುಡಿ ಬೆರಳಿಗೆ ಹತ್ತುತ್ತಿದ್ದರೆ ಮಾತ್ರ ಚಿಂತೆ. ಅದಕ್ಕೂ ಡ್ರಿಲ್ ಬೇಡ ಮಾರಾಯ್ರೆ. ಹತ್ತಿ ಬಟ್ಟೆಗೆ ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದು ಹನಿ, ಆ ಜಾಗಕ್ಕಷ್ಟೇ ಒತ್ತಿ, ಒರೆಸಿ, ಒಣಬಟ್ಟೆಯಿಂದ ಎಣ್ಣೆ ತೆಗೆಯಿರಿ. ಮಿಕ್ಕದ್ದನ್ನು ಮುಟ್ಟಬೇಡಿ. ನಕಾಗೊವನ್ನು ಸಾಕ್ಷಿ ಸಮೇತ ಕೆರೆದು ಹಾಕಿ, ಹೊಸ ಉಕ್ಕನ್ನು ಗಾಳಿಗೆ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಹೊಸ ಕೆಂಪು ತುಕ್ಕು ಹಾಜರ್. 'ನನ್ನ ದುಡ್ಡು, ನನ್ನ ಕತ್ತಿ' ಅನ್ನುವವರಿಗೆ ನನ್ನ ಬಳಿ ಉತ್ತರವಿಲ್ಲ, ಸಿಟ್ಟು ಮಾತ್ರ ಇದೆ.

1935ರ ಮಾದರಿಯ ಹವಾಲ್ದಾರ್ ದರ್ಜೆಯ ಕತ್ತಿಗಳದ್ದು ಬೇರೆ ಲೆಕ್ಕ. ಅವು ಸರ್ಕಾರಿ ಕತ್ತಿಗಳು, ಯಂತ್ರದ ಅಲಗು, ಹೆಚ್ಚಿನವಕ್ಕೆ ಬಣ್ಣ ಬಳಿದ ಅಲ್ಯೂಮಿನಿಯಂ ಎರಕದ ಹಿಡಿ. ಕ್ರಮಸಂಖ್ಯೆ ಅಲಗಿನ ಮೇಲೇ, ಹಿಡಿಯ ಹತ್ತಿರ ಇರುತ್ತದೆ, ಒರೆಯ ಬಾಯಿಯ ಸಂಖ್ಯೆಗೆ ಹೊಂದಬೇಕು. ನಕಲಿಗಳು ರಾಶಿ ರಾಶಿ ಬರುವುದು ಇದರದ್ದೇ. ಅಂಕಿಗಳು ವಕ್ರವಕ್ರ, ಎರಕದ ಹಿಡಿಯ ಮೇಲಿನ ತೊರಕೆ ಮೀನಿನ ಚರ್ಮದಂಥ ಚುಕ್ಕಿಗಳು ಕಲಸಿಹೋಗಿರುತ್ತವೆ, ಬೀಗ ಕಚ್ಚುವುದಿಲ್ಲ.

ಮಾರುವವರ ಕತೆಗಳನ್ನಂತೂ ಕೇಳಲೇಬೇಡಿ. ಪ್ರತಿಯೊಂದು ಕತ್ತಿಯೂ ಬರ್ಮಾದಲ್ಲಿ ಯಾವುದೋ ಜನರಲ್ ಶರಣಾಗುವಾಗ ಒಪ್ಪಿಸಿದ್ದೇ ಆಗಿರುತ್ತದೆ! ಜಪಾನಿನ ಫೀಲ್ಡ್ ಮಾರ್ಷಲ್ ತೆರಾವುಚಿ 1945ರ ನವೆಂಬರ್ 30ರಂದು ಸೈಗಾನಿನಲ್ಲಿ ಮೌಂಟ್‌ಬ್ಯಾಟನ್ನರಿಗೆ ಕೊಟ್ಟಂಥ ಕತ್ತಿಗಳಿಗೆ ದಾಖಲೆ ಇದೆ. ನಿಮ್ಮ ವ್ಯಾಪಾರಿಯ ಜನರಲ್‌ಗೆ ಹೆಸರೂ ಇರುವುದಿಲ್ಲ, ಕತ್ತಿಗೆ ಕಟ್ಟಿದ ಚೀಟಿಯೂ ಇರುವುದಿಲ್ಲ. ಕಂದು-ನೀಲಿ ಗೊಂಡೆ ಕಟ್ಟಿ ಜನರಲ್ ಅನ್ನುತ್ತಾರೆ. ಅದು ಲೆಫ್ಟಿನೆಂಟ್, ಕ್ಯಾಪ್ಟನ್ ದರ್ಜೆಯ ಗೊಂಡೆ ಸ್ವಾಮಿ. ಮೇಜರ್‌ನಿಂದ ಕರ್ನಲ್‌ವರೆಗೆ ಕಂದು-ಕೆಂಪು, ಜನರಲ್‌ಗೆ ಅದರ ಜೊತೆ ಚಿನ್ನದ ದಾರ. ಅಲ್ಲದೆ ಗೊಂಡೆ ಬದಲಿಸಲು ಅರ್ಧ ನಿಮಿಷ ಸಾಕು.

ಹೊರದೇಶದಿಂದ ತರಿಸುವ ಯೋಚನೆ ಇದ್ದರೆ, ನಮ್ಮ ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದದ ಅಲಗಿನ ಕತ್ತಿ ಆಯುಧದ ಪಟ್ಟಿಯಲ್ಲೇ ಬರುತ್ತದೆ ಅನ್ನುವುದು ನೆನಪಿರಲಿ. ದುಡ್ಡು ಕಳಿಸುವ ಮೊದಲು ಪರವಾನಗಿ ವಿಚಾರಿಸಿ. ಕತ್ತಿಯ ಬಗ್ಗೆ ನನ್ನನ್ನು ಕೇಳುವವರು ಒರೆಯ ಫೋಟೊ, ಕೈಯಲ್ಲಿ ಹಿಡಿದು ನಿಂತ ಸೆಲ್ಫಿ ಕಳಿಸಬೇಡಿ. ನಕಾಗೊದ ಎರಡೂ ಮುಖ, ಬೆನ್ನಿನ ಅಂಚು, ಬದಿಯಿಂದ ಬೆಳಕು ಬಿಟ್ಟು, ಅಲಗಿನ ತುದಿ ಮೇಲೆ ಬರುವಂತೆ ತೆಗೆದು ಕಳಿಸಿ. ಉಜ್ಜಿದ ಮೇಲೆ ತೆಗೆದದ್ದಾದರೆ ಕಳಿಸುವುದೇ ಬೇಡ.